ಮಕ್ಕಳಿರುವ ಮನೆಗೆ ಚುರುಕು ನಾಯಿ: ಓಡುವ ತಾಕತ್ತಿಗಿಂತ ತಣಿಯುವ ಗುಣ ಮುಖ್ಯ

ಮಕ್ಕಳು ನಾಯಿ ಬೇಕೆಂದು ಹಟ ಹಿಡಿದಿದ್ದಾರೆ, ದೊಡ್ಡವರಿಗೂ ಒಳಗೊಳಗೆ ಆಸೆಯಿದೆ. "ಮಕ್ಕಳ ಜೊತೆ ಆಡುವಂಥ ಚುರುಕು ನಾಯಿ ಯಾವುದು?" ಎಂದು ನಾಲ್ಕು ಜನರನ್ನು ಕೇಳಿದರೆ ಒಬ್ಬರು ಲ್ಯಾಬ್ (ಲ್ಯಾಬ್ರಡಾರ್) ಎನ್ನುತ್ತಾರೆ, ಇನ್ನೊಬ್ಬರು ಬೀಗಲ್, ಮತ್ತೊಬ್ಬರು ಮೊಬೈಲಿನಲ್ಲಿ ಹಸ್ಕಿಯ ವಿಡಿಯೊ ತೋರಿಸುತ್ತಾರೆ. ಅದರಲ್ಲೊಂದು ಹೆಸರು ಹಿಡಿದು ಮರಿ ತಂದಾಗುತ್ತದೆ.

ತೊಂದರೆ ಶುರುವಾಗುವುದು ಎಂಟು ಹತ್ತು ತಿಂಗಳ ನಂತರ. ಮಡಿಲಲ್ಲಿ ಹಿಡಿಸುತ್ತಿದ್ದ ಲ್ಯಾಬ್ ಮರಿ ಈಗ 28 ಕೆ.ಜಿ. ತೂಗುತ್ತದೆ. ನಾಲ್ಕು ವರ್ಷದ ಮಗುವಿನ ತೂಕ 15–16 ಕೆ.ಜಿ. ಸ್ಕೂಲ್ ವ್ಯಾನಿನಿಂದ ಇಳಿದ ಮಗುವನ್ನು ಕಂಡ ಖುಷಿಗೆ ನಾಯಿ ಎದೆಯ ಮೇಲೆ ಹಾರಿದರೆ ಮಗು ಗೇಟಿನ ಹತ್ತಿರವೇ ಅಂಗಾತ ಬೀಳುತ್ತದೆ. ಎರಡು ಸಲ ಹೀಗಾದರೆ ನಾಯಿಯನ್ನು ಹಿತ್ತಲಲ್ಲಿ ಕಟ್ಟಿಹಾಕುತ್ತಾರೆ. ಕಟ್ಟಿದ ನಾಯಿ ದಿನವಿಡೀ ಬೊಗಳುತ್ತದೆ, ಬಿಟ್ಟಾಗ ಇನ್ನೂ ಜೋರಾಗಿ ಹಾರುತ್ತದೆ. ಆಮೇಲೆ "ಯಾರಿಗಾದರೂ ನಾಯಿ ಬೇಕಾ?" ಎಂಬ ವಾಟ್ಸಾಪ್ ಸಂದೇಶ ಹೊರಡುತ್ತದೆ. ಇಲ್ಲಿ ನಾಯಿಯದೂ ತಪ್ಪಿಲ್ಲ, ಮಗುವಿನದೂ ತಪ್ಪಿಲ್ಲ. "ಚುರುಕು" ಎಂಬ ಮಾತಿನ ಅರ್ಥವನ್ನು ಯಾರೂ ಬಿಡಿಸಿ ನೋಡಿರಲಿಲ್ಲ, ಅಷ್ಟೆ.

ಚುರುಕು ಎಂಬ ಒಂದೇ ಮಾತಿನೊಳಗೆ ಮೂರು ಗುಣ

ಮೊದಲನೆಯದು ದಮ್ಮು, ಅಂದರೆ ಎಷ್ಟು ಹೊತ್ತು ಓಡಿದರೂ ಸುಸ್ತಾಗದ ತಾಕತ್ತು. ಎರಡನೆಯದು ಕೆರಳುವಿಕೆ. ಚೆಂಡು ಕಂಡಾಗ, ಕಾಲಿಂಗ್ ಬೆಲ್ ಕೇಳಿದಾಗ, ಮಕ್ಕಳು ಕಿರುಚಿದಾಗ ನಾಯಿ ಎಷ್ಟು ಬೇಗ, ಎಷ್ಟರ ಮಟ್ಟಿಗೆ ಉದ್ರೇಕಗೊಳ್ಳುತ್ತದೆ ಎಂಬುದು. ಮೂರನೆಯದು ತಣಿಯುವಿಕೆ: ಆಟ ಮುಗಿದ ಮೇಲೆ ಎಷ್ಟು ಬೇಗ ಒಂದು ಮೂಲೆ ಹಿಡಿದು ಮಲಗುತ್ತದೆ ಎಂಬುದು.

ಮದುವೆ ಮನೆಯ ಮಕ್ಕಳನ್ನು ನೆನೆಸಿಕೊಳ್ಳಿ. ಒಂದು ಮಗು ಇಡೀ ದಿನ ಛತ್ರದ ತುಂಬ ಓಡಾಡುತ್ತದೆ, ರಾತ್ರಿ ಊಟವಾಗುತ್ತಲೇ ಜಮಖಾನದ ಮೇಲೆ ಉರುಳಿ ನಿದ್ದೆಹೋಗುತ್ತದೆ. ಇನ್ನೊಂದು ಮಗು ಓಡುವುದು ಅದರ ಅರ್ಧದಷ್ಟೇ; ಆದರೆ ಓಲಗದ ಸದ್ದಿಗೆ, ಲೈಟಿಗೆ, ಜನರಿಗೆ ಕೆರಳಿ ರಾತ್ರಿ ಹನ್ನೆರಡಾದರೂ ಕಣ್ಣು ಮುಚ್ಚುವುದಿಲ್ಲ. ಹೆಚ್ಚು ಚುರುಕು ಮೊದಲನೆಯ ಮಗುವೇ. ಅಮ್ಮನನ್ನು ಹೈರಾಣು ಮಾಡುವುದು ಎರಡನೆಯದು.

ಚಿಕ್ಕ ಮಕ್ಕಳಿರುವ ಮನೆ ಒಂದರ್ಥದಲ್ಲಿ ದಿನವೂ ಮದುವೆ ಮನೆಯೇ. ಕೂಗು, ಓಟ, ಬೀಳುವ ತಟ್ಟೆ, ಉರುಳುವ ಆಟಿಕೆ. ದಮ್ಮು ಹೆಚ್ಚಿದ್ದು ಬೇಗ ತಣಿಯುವ ನಾಯಿಯನ್ನು ಇಂಥ ಮನೆಯಲ್ಲಿ ಸಾಕಬಹುದು. ಬೆಳಗ್ಗೆ ಸಂಜೆ ಸರಿಯಾಗಿ ಓಡಾಡಿಸಿದರೆ ಸಾಕು. ಬೇಗ ಕೆರಳಿ ತಡವಾಗಿ ತಣಿಯುವ ನಾಯಿ ಎಷ್ಟೇ ಚಿಕ್ಕದಾಗಿರಲಿ, ಕಷ್ಟ. ಅಂಥದನ್ನು "ಓಡಿಸಿ ಓಡಿಸಿ ಸುಸ್ತು ಮಾಡುತ್ತೇನೆ" ಎಂದು ಹೊರಟರೆ ಮೂರು ತಿಂಗಳಲ್ಲಿ ನಾಯಿಯ ದಮ್ಮು ಬೆಳೆದಿರುತ್ತದೆ, ಕೆರಳುವ ಗುಣ ಹಾಗೇ ಉಳಿದಿರುತ್ತದೆ.

ತಳಿ ಎಂದರೆ ಹಳೆಯ ಕಸುಬು

ಯಾವ ನಾಯಿ ಯಾವುದಕ್ಕೆ ಕೆರಳುತ್ತದೆ ಎಂದು ಮೊದಲೇ ಅಂದಾಜು ಮಾಡಲು ಅದರ ತಳಿಯನ್ನು ಯಾವ ಕೆಲಸಕ್ಕಾಗಿ ಬೆಳೆಸಿದರು ಎಂದು ಕೇಳಬೇಕು.

ತೋಳದ ಬೇಟೆಯಲ್ಲಿ ಒಂದು ಸರಪಳಿಯಿದೆ: ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು, ಬಾಯಿ ಹಾಕಿ ಹಿಡಿಯುವುದು, ಕೊಲ್ಲುವುದು. ಮನುಷ್ಯ ನೂರಾರು ವರ್ಷ ಆರಿಸಿ ಆರಿಸಿ ಈ ಸರಪಳಿಯ ಕೆಲವು ಕೊಂಡಿಗಳನ್ನು ಬಲಪಡಿಸಿದ, ಕೆಲವನ್ನು ಸಡಿಲಿಸಿದ. ತಳಿಗಳ ಸ್ವಭಾವದ ವ್ಯತ್ಯಾಸ ಬಹುಮಟ್ಟಿಗೆ ಇಲ್ಲಿಂದ ಬಂದದ್ದು. ಹೊಡೆದ ಹಕ್ಕಿಯನ್ನು ಹಾಳು ಮಾಡದೆ ಬೇಟೆಗಾರನಿಗೆ ತಂದುಕೊಡಬೇಕಾದ ಲ್ಯಾಬ್ರಡಾರಿನಲ್ಲಿ ಬಾಯಿಂದ ಹಿಡಿಯುವ ಕೊಂಡಿ ಬಲ, ಕಚ್ಚಿ ಕೊಲ್ಲುವ ಕೊಂಡಿ ಸಡಿಲ. ಕುರಿಮಂದೆ ತಿರುಗಿಸುವ ಬಾರ್ಡರ್ ಕಾಲಿಯಲ್ಲಿ ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು ಮೂರೂ ತೀಕ್ಷ್ಣ. ಮೊಲ ಹಿಡಿಯುವ ಮುಧೋಳ ನಾಯಿಯಲ್ಲಿ ಕಣ್ಣಿಗೆ ಬಿದ್ದ ಕೂಡಲೇ ಬೆನ್ನಟ್ಟುವುದೇ ಮುಖ್ಯ. ಬಿಲದಲ್ಲಿನ ನರಿ, ಇಲಿಗಳ ಮೇಲೆ ಬಿಡುತ್ತಿದ್ದ ಜಾಕ್ ರಸೆಲ್‌ನಂಥ ಟೆರಿಯರ್‌ಗಳಲ್ಲಿ ಸರಪಳಿ ಕೊನೆಯ ಕೊಂಡಿಯವರೆಗೂ ಗಟ್ಟಿಯಾಗಿದೆ.

ಇದು ಮನೆಯೊಳಗೆ ಹೇಗೆ ಕಾಣುತ್ತದೆ? ಮೂರು ವರ್ಷದ ಮಗು ಕೈಯಲ್ಲಿ ಬಿಸ್ಕತ್ತು ಹಿಡಿದು ಕೇಕೆ ಹಾಕುತ್ತ ನಡುಮನೆಯಿಂದ ಅಡುಗೆಮನೆಗೆ ಓಡಿತೆನ್ನಿ. ಲ್ಯಾಬ್ ಹಿಂದೆಯೇ ಓಡಿ ಬಿಸ್ಕತ್ತು ಕಸಿಯುತ್ತದೆ. ಮಗು ಬೀಳಬಹುದು, ಗಾಯವಾಗುವುದು ಅಪರೂಪ. ಬೀಗಲ್‌ಗೆ ಮಗುವಿಗಿಂತ ನೆಲಕ್ಕೆ ಉದುರಿದ ಚೂರಿನ ವಾಸನೆಯೇ ದೊಡ್ಡದು. ಬಾರ್ಡರ್ ಕಾಲಿ ತಲೆ ತಗ್ಗಿಸಿ, ಕಣ್ಣು ನೆಟ್ಟು, ಸುತ್ತು ಹಾಕಿ ಮಗುವಿಗೆ ಅಡ್ಡ ಬರುತ್ತದೆ. ಮಗು ನಿಲ್ಲದಿದ್ದರೆ ಕೆಲವು ಬಾರ್ಡರ್ ಕಾಲಿ ನಾಯಿಗಳು ಹಿಮ್ಮಡಿಗೆ ಬಾಯಿ ಹಾಕುತ್ತವೆ, ಮಂದೆಯಿಂದ ತಪ್ಪಿಸಿಕೊಂಡ ಕುರಿಗೆ ಮಾಡುವ ಹಾಗೆ. ಟೆರಿಯರ್ ಮರಿ ಪ್ಯಾಂಟಿನ ಅಂಚು ಹಿಡಿದು ಜಗ್ಗಾಡಿ ಅಲುಗಾಡಿಸುತ್ತದೆ. ಪ್ರತಿ ನಾಯಿಯೂ ತನ್ನ ಕಸುಬನ್ನೇ ಮಾಡಿತು. ಮಕ್ಕಳ ಓಟಕ್ಕೆ ಯಾವುದರ ಕಸುಬು ಕಡಿಮೆ ಅಪಾಯ ಎಂದು ಅಳೆಯುವುದೇ ತಳಿ ಆರಿಸುವ ಕೆಲಸ.

ನಮ್ಮಲ್ಲಿ ಸಿಗುವ ಚುರುಕು ನಾಯಿಗಳು

ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್: ದಮ್ಮು ಹೆಚ್ಚು, ತಣಿಯುವುದು ಚೆನ್ನಾಗಿಯೇ ಇರುತ್ತದೆ, ಕಲಿಸಿದ್ದನ್ನು ಬೇಗ ಕಲಿಯುತ್ತವೆ. ಆರರಿಂದ ಹದಿನೆಂಟು ತಿಂಗಳ ಹರೆಯವೊಂದೇ ಕಠಿಣ. ದಿನಕ್ಕೆ ಒಂದೂವರೆಯಿಂದ ಎರಡು ಗಂಟೆ ಓಡಾಟ ಬೇಕು. ಲ್ಯಾಬ್‌ನ ಹೊಟ್ಟೆಬಾಕತನಕ್ಕೆ ಒಂದು ಕಾರಣ ರಕ್ತದಲ್ಲೇ ಇದೆ: ಸುಮಾರು ಕಾಲು ಭಾಗ ಲ್ಯಾಬ್‌ಗಳಲ್ಲಿ ಹೊಟ್ಟೆ ತುಂಬಿದ ಅನುಭವ ಕೊಡುವ ಜೀನ್ ಒಂದರ ತುಣುಕೇ ಇಲ್ಲವೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಮಕ್ಕಳು ತಟ್ಟೆಯಿಂದ ಕೊಡುವ ತುತ್ತು ಸೇರಿ ಈ ನಾಯಿ ಬಹಳ ಬೇಗ ಊದುತ್ತದೆ, ಸೊಂಟದ ಕೀಲು ಸವೆಯುತ್ತದೆ. 30 ಕೆ.ಜಿ. ನಾಯಿಗೆ ದಿನಕ್ಕೆ 300–350 ಗ್ರಾಂ ಒಣ ಆಹಾರ ಸಾಕು. ಲೋಟದ ಅಂದಾಜು ಬಿಟ್ಟು ತೂಗಿ ಹಾಕಿ. ಗೋಲ್ಡನ್‌ಗೆ ಉದ್ದ ಕೂದಲು, ವಾರಕ್ಕೆ ಮೂರು ನಾಲ್ಕು ಸಲ ಬಾಚಲೇಬೇಕು, ಬಿಸಿಲು ತಡೆಯುವುದಿಲ್ಲ.

ಬೀಗಲ್: 9–11 ಕೆ.ಜಿ.ಯ ಗಟ್ಟಿ ಪುಟ್ಟ ನಾಯಿ. ಗುಂಪಿನಲ್ಲಿ ಬೇಟೆಯಾಡುತ್ತಿದ್ದ ತಳಿಯಾದ್ದರಿಂದ ಜನರ ನಡುವೆ, ಬೇರೆ ನಾಯಿಗಳ ನಡುವೆ ಹೊಂದಿಕೊಳ್ಳುತ್ತದೆ. ಮಗುವನ್ನು ಕೆಡಹುವಷ್ಟು ತೂಕವಿಲ್ಲ. ಆದರೆ ಮೂಗಿಗೆ ವಾಸನೆ ಹತ್ತಿದರೆ ಕಿವಿ ಕೇಳಿಸುವುದಿಲ್ಲ, ತೆರೆದ ಗೇಟಿನಿಂದ ಹೊರಟರೆ ಕೂಗಿದರೂ ತಿರುಗುವುದಿಲ್ಲ. ಮಕ್ಕಳು ಗೇಟು ಹಾಕುವುದನ್ನು ಮರೆಯುವುದು ಸಹಜವಾದ್ದರಿಂದ ಒಳಗೊಂದು ಎರಡನೇ ಬಾಗಿಲೋ ತಡೆಯೋ ಇರಲಿ. ಅದರ ಊಳು ಎರಡು ಮಹಡಿ ದಾಟಿ ಕೇಳಿಸುತ್ತದೆ. ಹಗಲಿಡೀ ಒಂಟಿಯಾಗಿ ಬಿಡುವ ಫ್ಲ್ಯಾಟಿಗೆ ಬೇಡ.

ಮುಧೋಳ ನಾಯಿ ನಮ್ಮದೇ ಬಾಗಲಕೋಟೆ ಜಿಲ್ಲೆಯದು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ತಳಿ. 2005ರಲ್ಲಿ ಅಂಚೆ ಚೀಟಿಯಲ್ಲೂ ಬಂತು. ತೆಳ್ಳನೆಯ ಮೈ, ಉದ್ದ ಕಾಲು, ಎರಡಡಿ ದಾಟುವ ಹೆಗಲ ಎತ್ತರ, ಬಿಸಿಲಿಗೆ ಒಗ್ಗಿದ ಗಿಡ್ಡ ಕೂದಲು. ಇದನ್ನು ಹೊಲ, ಬಯಲಿನಲ್ಲಿ ಕಂಡವರಿಗೆ ಮನೆಯೊಳಗಿನ ಇದರ ಮೌನ ಆಶ್ಚರ್ಯ ತರುತ್ತದೆ. ಕಣ್ಣಿಗೆ ಕಂಡದ್ದನ್ನು ಬಿರುಸಾಗಿ ಅಟ್ಟುವ ನಾಯಿಗಳ ಚುರುಕು ಥಟ್ಟನೆ ಹೊತ್ತಿ ಥಟ್ಟನೆ ಆರುವಂಥದ್ದು: ಹೊರಗೆ ಸುತ್ತುಗಟ್ಟಿದ ಜಾಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಓಡಿಸಿ, ಜೊತೆಗೆ ದಿನಕ್ಕೆ ಒಂದು ಗಂಟೆ ನಡೆಸಿದರೆ ಉಳಿದ ಹೊತ್ತು ಮಲಗಿರುತ್ತದೆ. ಹೀಗಾಗಿ ತಣಿಯುವ ಗುಣದಲ್ಲಿ ಇದಕ್ಕೆ ಒಳ್ಳೆಯ ಅಂಕ. ಎಚ್ಚರ ಬೇಕಾದ್ದು ಬೇರೆ ಕಡೆ. ಇದು ಮೃದು ಮನಸ್ಸಿನ ನಾಯಿ, ಗದರಿದರೆ ಮುದುಡುತ್ತದೆ. ಚರ್ಮ ತೆಳು, ಮಗು ಜಗ್ಗಿದರೆ, ಮೇಲೆ ಬಿದ್ದರೆ ನೋವಾಗುತ್ತದೆ. ಅಪರಿಚಿತರನ್ನು ಹತ್ತಿರ ಸೇರಿಸುವುದು ನಿಧಾನ. ಐದು ವರ್ಷದೊಳಗಿನ ಮಕ್ಕಳಿಗಿಂತ, ಹೇಳಿದರೆ ಅರ್ಥವಾಗುವ ಏಳೆಂಟು ವರ್ಷದ ಮಕ್ಕಳಿರುವ ಮನೆಗೆ ಹೆಚ್ಚು ಒಪ್ಪುತ್ತದೆ. ರಸ್ತೆಯಲ್ಲಿ ಚೈನ್ ಬಿಚ್ಚಬಾರದು, ಬೆಕ್ಕು ಕಂಡರೆ ಮುಗಿಯಿತು. ಮರಿ ಬೇಕೆಂದರೆ ಮೊದಲು ವಿಚಾರಿಸಬೇಕಾದ ಜಾಗ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ.

ನಾಟಿ ನಾಯಿ: ನಾವು ಬೀದಿನಾಯಿ ಎನ್ನುವ, ಈಗ ಪೇಟೆಯಲ್ಲಿ ಇಂಡಿ ಎಂದು ಕರೆಯುವ ನಾಯಿಯನ್ನು ಪಟ್ಟಿಯಿಂದ ಬಿಡುವುದು ದೊಡ್ಡ ತಪ್ಪು. 15–20 ಕೆ.ಜಿ., ಹವೆಗೆ ಹೇಳಿಮಾಡಿಸಿದ ಮೈ, ಮಧ್ಯಮ ದಮ್ಮು, ಚೆನ್ನಾಗಿ ತಣಿಯುವ ಸ್ವಭಾವ. ಬೆಳೆದಂತೆ ತನ್ನ ಜಾಗ ಕಾಯುವ ಗುಣ ಬಲವಾಗುತ್ತದೆ. ಹಾಗಾಗಿ ಮರಿಯಿದ್ದಾಗಲೇ ಮಕ್ಕಳ ಗೆಳೆಯರು, ಪೇಪರಿನವರು, ಹಾಲಿನವರು ಎಲ್ಲರ ಪರಿಚಯವಾಗಬೇಕು.

ಜರ್ಮನ್ ಶೆಫರ್ಡ್ ಅನುಭವವಿದ್ದವರ ಕೈಯಲ್ಲಿ ಒಳ್ಳೆಯ ಮನೆನಾಯಿ. ಮೊದಲ ಸಲ ಸಾಕುವವರಿಗೆ, ಮಗುವೂ ಚಿಕ್ಕದಿದ್ದರೆ, ಭಾರ. ಬಾರ್ಡರ್ ಕಾಲಿ, ಜಾಕ್ ರಸೆಲ್, ಬೆಲ್ಜಿಯನ್ ಮ್ಯಾಲಿನೋಯಿಸ್ ಮೂರನ್ನೂ ಚಿಕ್ಕ ಮಕ್ಕಳಿರುವಾಗ ಮುಂದಕ್ಕೆ ಹಾಕುವುದೇ ಸರಿ. ಅದರಲ್ಲೂ ಮ್ಯಾಲಿನೋಯಿಸ್ ಪೊಲೀಸರು, ಸೈನ್ಯ ಬಳಸುವ ನಾಯಿ. ಬೇಗ ಕೆರಳಬೇಕು, ಹಿಡಿದದ್ದನ್ನು ಬಿಡಬಾರದು ಎಂದೇ ಆರಿಸಿ ಬೆಳೆಸಿದ್ದು.

ಸೈಬೀರಿಯನ್ ಹಸ್ಕಿ ಮಕ್ಕಳನ್ನು ಪ್ರೀತಿಸುವ ನಾಯಿಯೇ. ಆದರೆ ಹಿಮದ ಮೇಲೆ ಗಾಡಿ ಎಳೆದು ಗಂಟೆಗಟ್ಟಲೆ ಓಡಲು ಬೆಳೆದ ಅದಕ್ಕೆ ಎರಡು ಪದರ ಕೂದಲಿದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ಅದನ್ನು ಸಾಕುವುದು ಹಿಂಸೆ. ಬೆಂಗಳೂರಿನಲ್ಲೂ ವರ್ಷದ ಹೆಚ್ಚಿನ ಭಾಗ ಬೇಕಾದಷ್ಟು ಓಡಿಸಲಾಗದು. ಕೂದಲು ಬೋಳಿಸಿದರೆ ತಂಪಾಗುತ್ತದೆ ಎಂಬುದೂ ತಪ್ಪು. ಬಿಸಿಲಿನ ತಾಪ ನೇರ ಚರ್ಮಕ್ಕೆ ತಟ್ಟುತ್ತದೆ, ಮತ್ತೆ ಬೆಳೆಯುವ ಕೂದಲು ಕೆಡುತ್ತದೆ.

ಹಾಗಾದರೆ ತಳಿ ನೋಡಿದರೆ ಸಾಕೇ?

ಸಾಲದು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ, 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಆಧರಿಸಿದ ಅಧ್ಯಯನದಲ್ಲಿ ಒಂದು ನಾಯಿಗೂ ಇನ್ನೊಂದು ನಾಯಿಗೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ ಎಂದು ಕಂಡುಬಂತು. ಉಳಿದದ್ದು ತಂದೆತಾಯಿ, ಬೆಳೆದ ರೀತಿ, ವಯಸ್ಸು, ಆ ಒಂದು ನಾಯಿಯದೇ ಸ್ವಭಾವ. ಹೇಳಿದ ಮಾತು ಕೇಳುವಂಥ ಕೆಲವು ಗುಣಗಳಲ್ಲಿ ಮಾತ್ರ ತಳಿಯ ಪ್ರಭಾವ ಹೆಚ್ಚು. ಅಂದರೆ ತಳಿ ನೋಡಿ ಪಟ್ಟಿಯನ್ನು ಹತ್ತರಿಂದ ಎರಡಕ್ಕೆ ಇಳಿಸಬಹುದು. ಆ ಎರಡರಲ್ಲಿ ಯಾವ ಮರಿ ಎಂಬುದನ್ನು ಕಣ್ಣಾರೆ ನೋಡಿಯೇ ನಿರ್ಧರಿಸಬೇಕು.

ತಾಯಿಯನ್ನು ತೋರಿಸದ ಕಡೆ ಮರಿ ಕೊಳ್ಳಬೇಡಿ. ಅಪರಿಚಿತರು ಬಂದರೂ ತಾಯಿ ಐದು ನಿಮಿಷದಲ್ಲಿ ತಣ್ಣಗಾದರೆ ಅದು ಒಳ್ಳೆಯ ಲಕ್ಷಣ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳು ಹಾಗೆ ಹೇಳುತ್ತವೆ, ಸಾಕಿ ಮಾರುವವರ ನೋಂದಣಿಯೂ ಕಡ್ಡಾಯ. ಮೂವತ್ತು ದಿನದ ಮರಿ ಕೊಡುತ್ತೇವೆ ಎನ್ನುವವರಿಂದ ದೂರವಿರಿ. ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ತಾಯಿಯಿಂದ ಗದರಿಸಿಕೊಂಡು ಮರಿ ಎಷ್ಟು ಮೆಲ್ಲಗೆ ಕಚ್ಚಬೇಕೆಂದು ಕಲಿಯುವುದು ಐದರಿಂದ ಎಂಟನೇ ವಾರದ ನಡುವೆ. ಆ ಪಾಠ ತಪ್ಪಿದರೆ ಅದನ್ನು ಮಗುವಿನ ಕೈಮೇಲೆ ಕಲಿಯುತ್ತದೆ.

ಮರಿಯ ಮುಂದೆ ಮೂರು ಚಿಕ್ಕ ಪರೀಕ್ಷೆ ಮಾಡಿ. ಐದಾರು ಅಡಿ ದೂರದಲ್ಲಿ ಒಂದು ಸ್ಟೀಲ್ ಚಮಚ ಬೀಳಿಸಿ: ಬೆಚ್ಚಿ, ಅರ್ಧ ನಿಮಿಷದಲ್ಲಿ ಮೂಸಲು ಬಂದರೆ ಸರಿ, ಮೂಲೆ ಸೇರಿ ಬರದೇ ಹೋದರೆ ಗದ್ದಲದ ಮನೆಗೆ ಅದು ಬೇಡ. ಮಡಿಲಲ್ಲಿ ಮೆಲ್ಲಗೆ ಹಿಡಿದುಕೊಳ್ಳಿ: ಸ್ವಲ್ಪ ಒದ್ದಾಡಿ ಸಡಿಲವಾದರೆ ಒಳ್ಳೆಯದು, ಒಂದು ನಿಮಿಷವಾದರೂ ಸಿಟ್ಟಿನಿಂದ ಕಚ್ಚುತ್ತಲೇ ಇದ್ದರೆ ತಣಿಯುವ ಗುಣ ಕಡಿಮೆ. ಪಂಜ, ಕಿವಿ, ಬಾಲ ಮುಟ್ಟಿ ನೋಡಿ. ಮಕ್ಕಳು ಮುಟ್ಟುವುದೇ ಅಲ್ಲಿ. ಇವು ಭವಿಷ್ಯ ಹೇಳುವ ಪರೀಕ್ಷೆಗಳಲ್ಲ, ಎದ್ದು ಕಾಣುವ ತೊಂದರೆ ಹಿಡಿಯಲು ಸಾಕು.

ಮಗುವಿಗೆ ಇನ್ನೂ ನಾಲ್ಕು ತುಂಬಿಲ್ಲದಿದ್ದರೆ ಮರಿಯ ಬದಲು ಎರಡು ಮೂರು ವರ್ಷದ ನಾಯಿಯನ್ನು ದತ್ತು ಪಡೆಯುವುದು ಎಷ್ಟೋ ಹಗುರ. ಅದರ ದಮ್ಮು, ಕೆರಳುವಿಕೆ, ತಣಿಯುವಿಕೆ ಮೂರೂ ಆಗಲೇ ಕಣ್ಣಿಗೆ ಕಾಣುತ್ತವೆ. ಮೂರರಿಂದ ಆರು ತಿಂಗಳ ನಡುವೆ ಮರಿಯ 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರುತ್ತವೆ. ಆ ಕಾಲದ ಕಚ್ಚಾಟವೂ ಇಲ್ಲಿ ತಪ್ಪುತ್ತದೆ.

ಸಮಯದ ಲೆಕ್ಕ

ಮನೆಗೆ ತರುವ ಮುಂಚೆ ಒಂದು ವಾರ ನಾಯಿಯಿಲ್ಲದೆಯೇ ನಾಯಿಯ ವೇಳಾಪಟ್ಟಿ ನಡೆಸಿ ನೋಡಿ. ಬೆಳಗ್ಗೆ 45 ನಿಮಿಷ, ಸಂಜೆ 45 ನಿಮಿಷ ದೊಡ್ಡವರೊಬ್ಬರು ಮನೆಯಿಂದ ಹೊರಗಿರಬೇಕು. ಸ್ಕೂಲಿಗೆ ಡಬ್ಬಿ ಕಟ್ಟುವ ಹೊತ್ತಿಗೇ ಇದು ಬೀಳುತ್ತದೆ. "ಮಕ್ಕಳೇ ಓಡಾಡಿಸುತ್ತಾರೆ" ಎಂಬ ಲೆಕ್ಕ ಹಾಕಬೇಡಿ. ಹತ್ತು ಹನ್ನೆರಡು ವರ್ಷದೊಳಗಿನ ಮಗುವಿನ ಕೈಯಲ್ಲಿ ದೊಡ್ಡ ನಾಯಿಯ ಚೈನ್ ಒಂದೇ ಕೊಡಬಾರದು. ಎರಡು ಚೈನ್ ಹಾಕಿ, ಇನ್ನೊಂದು ನಿಮ್ಮ ಕೈಯಲ್ಲಿರಲಿ.

ಬೇಸಿಗೆಯಲ್ಲಿ ಬೆಳಗ್ಗೆ ಏಳರೊಳಗೆ, ಸಂಜೆ ಆರೂವರೆ ಮೇಲೆ. ರಸ್ತೆಯ ಮೇಲೆ ಅಂಗೈ ಹಿಂಬದಿ ಏಳು ಸೆಕೆಂಡ್ ಇಡಲಾಗದಿದ್ದರೆ ಪಾದವೂ ಸುಡುತ್ತದೆ.

ನಡೆಸಲಾಗದ ದಿನ ಮೂಗಿಗೆ ಕೆಲಸ ಕೊಡಿ. ಹಳೆಯ ಟವೆಲಿನ ಮಡಿಕೆಗಳಲ್ಲಿ ಒಂದು ಹಿಡಿ ಒಣ ಆಹಾರ ಹುದುಗಿಸಿ ಸುರುಳಿ ಸುತ್ತಿ ಕೊಟ್ಟರೆ ಹತ್ತು ಹದಿನೈದು ನಿಮಿಷ ಮೂಸುತ್ತ ಬಿಡಿಸುತ್ತದೆ. ಚೆಂಡು ಎಸೆಯುವ ಆಟ ಕೆರಳಿಸುತ್ತದೆ, ಮೂಸುವ ಆಟ ತಣಿಸುತ್ತದೆ. ಮಕ್ಕಳು ತಿಂಡಿ ಬಚ್ಚಿಟ್ಟು ನಾಯಿಯಿಂದ ಹುಡುಕಿಸುವ ಆಟ ಇಬ್ಬರಿಗೂ ಹೊಂದುತ್ತದೆ. ವರ್ಷ ತುಂಬುವವರೆಗೆ ದೊಡ್ಡ ತಳಿಯ ಮರಿಯನ್ನು ಎತ್ತರದಿಂದ ಹಾರಿಸಬೇಡಿ, ಮೆಟ್ಟಿಲ ಮೇಲೆ ಓಡಿಸಬೇಡಿ. ಮೂಳೆಯ ತುದಿಗಳು ಇನ್ನೂ ಬಲಿತಿರುವುದಿಲ್ಲ.

ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡಬೇಕು. ಸಂಜೆ ಏಳಕ್ಕೆ ಹುಚ್ಚೆದ್ದು ಕಚ್ಚುವ ಮರಿಗೆ ಬಹಳ ಸಲ ಬೇಕಾದದ್ದು ಇನ್ನಷ್ಟು ಆಟವಲ್ಲ, ನಿದ್ದೆ. ಮಕ್ಕಳ ಕೈಗೆ ಸಿಗದ, ತಡೆಬಾಗಿಲಿರುವ ಒಂದು ಮೂಲೆ ಅದಕ್ಕಿರಲಿ. ಅಲ್ಲಿ ಮಲಗಿದ್ದಾಗ ಯಾರೂ ಮುಟ್ಟಬಾರದು ಎಂಬುದು ಮನೆಯ ಮೊದಲ ನಿಯಮವಾಗಲಿ.

ಮಗು ಕಲಿಯಬೇಕಾದದ್ದು

ಚಿಕ್ಕ ಮಕ್ಕಳನ್ನು ಕಚ್ಚುವುದು ಹೆಚ್ಚಾಗಿ ಪರಿಚಯದ ನಾಯಿಯೇ, ಗಾಯ ಮುಖ, ಕತ್ತಿನ ಮೇಲೆ. ಮಗುವಿನ ಎತ್ತರ ಅಷ್ಟೇ, ಪ್ರೀತಿ ತೋರಿಸುವುದು ಕತ್ತು ತಬ್ಬಿ. ನಾಯಿಗೆ ಆ ಅಪ್ಪುಗೆ ಇಕ್ಕಟ್ಟು. ಕಚ್ಚುವ ಮುಂಚೆ ಅದು ಸಾಮಾನ್ಯವಾಗಿ ಸೂಚನೆ ಕೊಡುತ್ತದೆ: ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆಯಿಲ್ಲದೆ ಆಕಳಿಸುತ್ತದೆ, ಕಣ್ಣಿನ ಬಿಳಿ ತೋರಿಸುತ್ತದೆ, ಮೈ ಬಿಗಿದು ಕಲ್ಲಾಗುತ್ತದೆ, ಕೊನೆಗೆ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ನಾಯಿ ಸುಮ್ಮನಾಗುವುದನ್ನು ಕಲಿಯುತ್ತದೆ, ಅಸಮಾಧಾನ ಹಾಗೇ ಉಳಿಯುತ್ತದೆ, ಮುಂದಿನ ಸಲ ಎಚ್ಚರಿಕೆಯಿಲ್ಲದೆ ಬಾಯಿ ಹಾಕುತ್ತದೆ. ಮಗುವನ್ನು ಮೆಲ್ಲಗೆ ದೂರ ಕರೆದು, ಯಾಕೆ ಹಾಗಾಯಿತೆಂದು ನೋಡಿ.

ಮಗುವಿಗೆ ಎರಡೇ ಪಾಠ ಸಾಕು. ಮೂರು ಎಣಿಸುವವರೆಗೆ ಎದೆ ಅಥವಾ ಭುಜ ಸವರಿ ಕೈ ತೆಗೆಯುವುದು. ನಾಯಿ ತಾನಾಗಿ ಹತ್ತಿರ ಬಂದರೆ ಮತ್ತೆ ಸವರುವುದು, ಬಾರದಿದ್ದರೆ ಬಿಟ್ಟುಬಿಡುವುದು. ನಾಯಿ ಜೋರಾಗಿ ಹಾರಿದರೆ ಮರದ ಆಟ: ಕೈ ಮಡಚಿ, ಕಣ್ಣು ನೆಲಕ್ಕೆ ನೆಟ್ಟು, ಸದ್ದಿಲ್ಲದೆ ನಿಲ್ಲುವುದು. ಓಡದ, ಕೂಗದ ಮಗುವನ್ನು ಬೆನ್ನಟ್ಟಲು ಏನೂ ಉಳಿಯುವುದಿಲ್ಲ. ಐದು ವರ್ಷದೊಳಗಿನ ಮಗು ಮತ್ತು ನಾಯಿ, ಯಾವ ತಳಿಯೇ ಆಗಲಿ, ಒಂದೇ ಕೋಣೆಯಲ್ಲಿ ದೊಡ್ಡವರಿಲ್ಲದೆ ಇರಬಾರದು.

ಮಕ್ಕಳ ಕೈಯಿಂದ ನಾಯಿಗೆ ಹೋಗಬಾರದ ತಿನಿಸುಗಳೂ ಇವೆ: ಚಾಕೊಲೇಟ್, ದ್ರಾಕ್ಷಿ, ಪಾಯಸದಲ್ಲಿನ ಒಣದ್ರಾಕ್ಷಿ, ಈರುಳ್ಳಿ ಹಾಕಿದ ಸಾಂಬಾರು–ಪಲ್ಯ, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್, ಬೇಯಿಸಿದ ಕೋಳಿ ಮೂಳೆ.

ಇಂಜೆಕ್ಷನ್, ಜಂತುಹುಳು, ಕಚ್ಚಿದಾಗ

ಆರರಿಂದ ಎಂಟನೇ ವಾರಕ್ಕೆ ಮರಿಗಳ ಜೀವಕ್ಕೇ ಕುತ್ತಾಗುವ ಪಾರ್ವೊ, ಡಿಸ್ಟೆಂಪರ್ ರೋಗಗಳ ವಿರುದ್ಧ ಮೊದಲ ಲಸಿಕೆ, ಅಲ್ಲಿಂದ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಜಂತುಹುಳುವಿನ ಔಷಧಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ. ಮಣ್ಣಲ್ಲಿ ಆಡುವ ಮಕ್ಕಳಿಗೆ ನಾಯಿಯ ಹುಳುವಿನ ಮೊಟ್ಟೆ ಸೋಂಕಬಹುದಾದ್ದರಿಂದ ಇದು ನಾಯಿಗಷ್ಟೇ ಮಾಡುವ ಚಿಕಿತ್ಸೆಯಲ್ಲ. ಹುಲ್ಲಲ್ಲಿ ಓಡಾಡಿ ಬಂದ ನಾಯಿಯ ಕಿವಿ, ಬೆರಳ ಸಂದಿ, ಕೊರಳಪಟ್ಟಿಯ ಕೆಳಗೆ ಉಣ್ಣಿ ಇದೆಯೇ ಎಂದು ದಿನವೂ ನೋಡಿ.

ಆಟದಲ್ಲೇ ಆಗಲಿ, ಮಗುವಿನ ಚರ್ಮಕ್ಕೆ ಹಲ್ಲು ತಾಗಿ ಗೀರಾದರೆ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡಿ, ಕಟ್ಟು ಕಟ್ಟಬೇಡಿ. ಅದೇ ದಿನ ವೈದ್ಯರ ಹತ್ತಿರ ಹೋಗಿ, ನಾಯಿಯ ಲಸಿಕೆ ಕಾರ್ಡೂ ಕೈಯಲ್ಲಿರಲಿ. ರಕ್ತ ಬಂದಿದ್ದರೆ ಮಗುವಿಗೆ ರೇಬಿಸ್ ಲಸಿಕೆಯ ಜೊತೆ ಗಾಯದೊಳಕ್ಕೇ ಇಮ್ಯುನೊಗ್ಲೊಬ್ಯುಲಿನ್ (ರೇಬಿಸ್ ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಕೊಡಬೇಕಾಗಬಹುದು. ಮೊದಲ ಡೋಸ್ ಆದ ಮೇಲೆ ಮುಂದಿನವುಗಳ ದಿನಾಂಕ ಬರೆಸಿಕೊಂಡು, ಒಂದನ್ನೂ ಬಿಡದೆ ಹಾಕಿಸಿ.